ನಾಲ್ಕೂವರೆ ಬಸ್ಸಿನ ಎರಡು ಹಾರ್ನ್

ಜಂಬ ನನ್ನ ಹುಟ್ಟುಗುಣ. ಹೊಲಿದ ಕಾಲರ್ ಸರಿಯಾಗಿ ಕೂತರೆ ಬೀದಿಯವರನ್ನೆಲ್ಲ ಕರೆದು ತೋರಿಸುವವಳು ನಾನು. ಆದ್ದರಿಂದ ಈಗ ಹೇಳುವುದರಲ್ಲಿ ಜಂಬ ಕಂಡರೆ ಕಾಣಲಿ, ಮುಚ್ಚಿಡುವುದಿಲ್ಲ. ಇದು ಮೂವತ್ತು ವರ್ಷ ಬಸ್ಸು ಓಡಿಸಿದ ನನ್ನ ಗಂಡನ ವಿಷಯ, ಮತ್ತು ಹಿಂದಿನ ಒಂದು ಕಾಲು ಸೊಟ್ಟಗಿರುವ ನಮ್ಮ ನಾಯಿಯ ವಿಷಯ. ಇಬ್ಬರ ಬಗ್ಗೆಯೂ ನನಗೆ ಹೆಮ್ಮೆ. ಆದರೆ ಅದಕ್ಕೂ ಮೊದಲು ನಾವೊಂದು ತಪ್ಪು ಹೆಮ್ಮೆ ಪಟ್ಟಿದ್ದೆವು. ಮೊದಲು ಅದನ್ನೇ ಹೇಳಿ ಮುಗಿಸಬೇಕು.

ಮನೆಯ ಮುಂದಿನ ಕೋಣೆಯೇ ನನ್ನ ಹೊಲಿಗೆ ಅಂಗಡಿ. ಕಿಟಕಿಗೆ ಒತ್ತಿಕೊಂಡು ಮೆಷಿನ್, ಗೋಡೆಯ ಮೊಳೆಗಳಿಗೆ ನೇತುಹಾಕಿದ ಶಾಲೆಯ ಸಮವಸ್ತ್ರಗಳು, ಮೇಜಿನ ಕೆಳಗೆ ಬಟ್ಟೆ ಚೂರು ತುಂಬಿದ ಬುಟ್ಟಿ. ಕಿಟಕಿಯಾಚೆ ನಾಲ್ಕು ಹೆಜ್ಜೆಯಷ್ಟು ಅಂಗಳ, ಅದರಾಚೆ ಸೊಂಟದೆತ್ತರದ ಕಬ್ಬಿಣದ ಗೇಟು, ಗೇಟಿನಾಚೆ ರಸ್ತೆ, ರಸ್ತೆಯ ಆ ಬದಿಗೆ ಬಸ್ ಸ್ಟಾಪು. ಆರು ವರ್ಷದ ಹಿಂದೆ ಒಂದು ಬೆಳಗ್ಗೆ ಬುಟ್ಟಿಗೆ ಕೈ ಹಾಕಿದರೆ ಬೆಚ್ಚಗೆ ಏನೋ ಅಲುಗಾಡಿತು. ಎತ್ತಿ ನೋಡಿದೆ, ಕಣ್ಣಿಗೆ ಪಿಸುರು ಕಟ್ಟಿದ ಹೆಣ್ಣು ನಾಯಿಮರಿ. ಎಲ್ಲಿಂದ ಬಂತೋ, ಬಾಗಿಲು ತೆರೆದಿದ್ದಾಗ ನುಗ್ಗಿತ್ತು. ಇವರು ಎರಡು ದಿನ ಇರಲಿ ಎಂದರು. ನಮ್ಮತ್ತೆ ಮೂಗು ಮುರಿದು, ಇದನ್ನು ಮನೆಯೊಳಗೆ ಇಟ್ಟುಕೊಂಡರೆ ನಾನು ಹೊರಗೆ ಎಂದರು. ಮೂರನೆಯ ದಿನ ನೋಡಿದರೆ ಅತ್ತೆಯ ಲೋಟದ ಹಾಲಿನಲ್ಲಿ ಅರ್ಧ ಅದರ ಬಟ್ಟಲಿನಲ್ಲಿತ್ತು. ಬಟ್ಟೆ ಚೂರಿನಲ್ಲಿ ಸಿಕ್ಕಿದ್ದರಿಂದ ಚಿಂದಿ ಎಂದು ಹೆಸರಾಯಿತು.

ಬಸ್ ಡ್ರೈವರುಗಳಲ್ಲಿ ಒಂದು ರೂಢಿಯಿದೆ. ತಮ್ಮ ಡಿಪೋದ ಗಾಡಿ ಎದುರಾದರೆ, ಇಲ್ಲವೇ ಜೊತೆಯವರ ಮನೆಯ ಮುಂದೆ ಹಾದುಹೋದರೆ, ಎರಡು ಸಲ ಚಿಕ್ಕದಾಗಿ ಹಾರ್ನ್ ಒತ್ತುತ್ತಾರೆ. ಪೀ, ಪೀ. ಅದು ಅವರ ನಮಸ್ಕಾರ. ಇವರ ಬಸ್ಸು ದಿನವೂ ಸಂಜೆ ನಾಲ್ಕೂವರೆಗೆ ನಮ್ಮ ಬೀದಿಗೆ ಬರುತ್ತಿತ್ತು. ಬೇಕರಿ ಮೂಲೆಯಲ್ಲಿ ತಿರುಗುವಾಗ ಇವರೂ ಎರಡು ಹಾರ್ನ್ ಹೊಡೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಆ ಹಾರ್ನ್ ನನಗಾಗಿತ್ತು. ನಾನು ಸೂಜಿ ಬಿಟ್ಟು ಕಿಟಕಿಗೆ ಬರುತ್ತಿದ್ದೆ. ವರ್ಷ ಕಳೆದ ಹಾಗೆ ಅವರು ರೂಢಿಗೆ ಹೊಡೆದರು, ನಾನು ತಲೆ ಎತ್ತುವುದನ್ನೂ ಬಿಟ್ಟೆ. ಚಿಂದಿ ಬಂದ ಮೇಲೆ ಆ ಹಾರ್ನಿಗೆ ಮತ್ತೆ ಕಿವಿ ಸಿಕ್ಕಿತು.

ಅವಳು ಕಲಿತದ್ದಾದರೂ ಎಷ್ಟು ಬೇಗ. ಹಾರ್ನ್ ಕೇಳುತ್ತಲೇ ಮೇಜಿನ ಕೆಳಗಿನಿಂದ ಚಂಗನೆ ನೆಗೆದು, ಮೂತಿಯಿಂದ ಗೇಟಿನ ಚಿಲಕ ಎತ್ತಿ, ರಸ್ತೆ ದಾಟಿ ಬಸ್ ಸ್ಟಾಪಿಗೆ ಓಡುತ್ತಿದ್ದಳು. ಬಸ್ಸು ನಿಲ್ಲುತ್ತಿತ್ತು. ಡ್ರೈವರ್ ಬಾಗಿಲ ಮೆಟ್ಟಿಲಿಗೆ ಮುಂಗಾಲು ಇಟ್ಟು ತಲೆ ಚಾಚಿದರೆ ಇವರು ಒಂದು ಸಲ ಕಿವಿಯ ಹಿಂದೆ ಕೆರೆಯುತ್ತಿದ್ದರು. ಅಷ್ಟಾದರೆ ಸಾಕು, ಬಾಲವನ್ನು ಬಾವುಟದಂತೆ ಎತ್ತಿಕೊಂಡು ಮನೆಗೆ ವಾಪಸು. ಬಸ್ಸಿನಲ್ಲಿದ್ದವರು ಕಿಟಕಿಗೆ ಬಾಗಿ ನಗುತ್ತಿದ್ದರು. ನೋಡಿದ್ರಾ, ಬಂದ್ಲು ನೋಡಿ ಎಂದು ದಿನವೂ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಿದ್ದರು. ಆ ಮಾತು ಕಿಟಕಿಯ ತನಕ ಕೇಳಿಸುತ್ತಿತ್ತು, ನನಗೆ ಕೊಂಬು ಮೂಡುತ್ತಿತ್ತು.

ಇನ್ನೂ ನಿಜ ಹೇಳುತ್ತೇನೆ. ಚಿಲಕ ಒಮ್ಮೊಮ್ಮೆ ಬಿಗಿಯಾಗಿ ಕೂತು ಅವಳ ಮೂತಿಗೆ ಜಗ್ಗುತ್ತಿರಲಿಲ್ಲ. ಅದಕ್ಕೆ ಗಂಟೆ ನಾಲ್ಕೂಕಾಲು ಆಗುತ್ತಲೇ ನಾನೇ ಎದ್ದು ಹೋಗಿ ಚಿಲಕ ಸಡಿಲಿಸಿ ಬರುತ್ತಿದ್ದೆ. ನೋಡುವವರ ಎದುರಿಗೆ ನಮ್ಮ ನಾಯಿ ಗೇಟಿನಲ್ಲಿ ಸಿಕ್ಕಿಹಾಕಿಕೊಂಡರೆ ನನ್ನ ಮರ್ಯಾದೆ ಏನಾಗಬೇಕು. ಚುಚ್ಚುಮದ್ದು ಹಾಕಿಸಲು ಹೋದಾಗ ನಾಯಿ ಡಾಕ್ಟರಮ್ಮನ ಮುಂದೆಯೂ ಇದನ್ನೇ ಕೊಚ್ಚಿಕೊಂಡೆ, ನೂರು ಬಸ್ಸಿನ ನಡುವೆ ನಮ್ಮವರ ಬಸ್ಸನ್ನು ಗುರುತಿಸುತ್ತಾಳೆ ಎಂದೆ. ಆಕೆ ಸಿರಿಂಜಿನಿಂದ ಕಣ್ಣು ತೆಗೆಯದೆ, ನಾಯಿ ಗುರುತಿಸುವುದು ಬಸ್ಸನ್ನಲ್ಲ, ಹಾರ್ನನ್ನು. ಹಾರ್ನ್ ಯಾರು ಬೇಕಾದರೂ ಹೊಡೆಯಬಹುದು ಎಂದಳು. ನನಗೆ ರೇಗಿತು. ಓದಿದವರಿಗೆ ಇನ್ನೊಬ್ಬರ ಸಂತೋಷ ಕಂಡರಾಗದು ಎಂದು ಗೊಣಗಿಕೊಂಡೇ ಮನೆಗೆ ಬಂದೆ.

ಇವರ ಮುಂದೆ ಇನ್ನೊಂದು ದೊಡ್ಡ ದಿನವಿತ್ತು. ಮೂವತ್ತು ವರ್ಷ ಒಂದೂ ಅಪಘಾತವಿಲ್ಲದೆ ಗಾಡಿ ಓಡಿಸಿದ ಡ್ರೈವರಿಗೆ ನಿವೃತ್ತಿಯ ದಿನ ಬೆಳ್ಳಿಯ ಬಿಲ್ಲೆ ತೊಡಿಸುತ್ತಾರೆ. ನಮ್ಮ ಡಿಪೋದಲ್ಲಿ ಅದನ್ನು ಪಡೆದವರು ಅಲ್ಲಿಯ ತನಕ ಇಬ್ಬರೇ. ಇವರ ಸರ್ವಿಸ್ ಪುಸ್ತಕ ಮಡಿಸಿಟ್ಟ ಹೊಸ ಬಟ್ಟೆಯ ಹಾಗಿತ್ತು, ಒಂದು ಕಲೆಯಿಲ್ಲ. ಉಳಿದದ್ದು ಎಂಟು ತಿಂಗಳು. ಮಗು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ನಾನು ಆಗಲೇ ಕೋಟು ಹೊಲಿದಿದ್ದೆ. ಕಡುನೀಲಿ ಬಟ್ಟೆ, ಒಳಗೆ ಬೂದು ಅಸ್ತರು. ಬಿಲ್ಲೆಯ ಭಾರಕ್ಕೆ ಬಟ್ಟೆ ಜೋಲಬಾರದೆಂದು ಎಡಗಡೆ ಜೇಬಿನ ಮೇಲೆ ಒಳಗಿನಿಂದ ಎರಡು ಪದರ ಕ್ಯಾನ್ವಾಸ್ ಕೊಟ್ಟು, ಹೊರಗೆ ರೇಷ್ಮೆ ದಾರದ ಒಂದು ಕುಣಿಕೆ ಹೆಣೆದಿದ್ದೆ. ಬಂದ ಗಿರಾಕಿಗಳಿಗೆಲ್ಲ ಆ ಕುಣಿಕೆ ತೋರಿಸಿದ್ದಾಗಿತ್ತು.

ಅಷ್ಟರಲ್ಲಿ ಇವರು ಜ್ವರದಿಂದ ಮಲಗಿದರು. ಎರಡನೆಯ ದಿನ ಇವರ ಬಸ್ಸಿಗೆ ಉದ್ದಣ್ಣ ಬಂದ. ನೆತ್ತಿ ಬಸ್ಸಿನ ಸೂರಿಗೆ ತಾಗುವಷ್ಟು ಎತ್ತರ, ಅದಕ್ಕೆ ಆ ಹೆಸರು. ಇವರ ಕೈಕೆಳಗೆ ಕಲಿತವನು. ಕೆಲಸ ಖಾಯಂ ಆಗಲು ಇನ್ನು ಎರಡು ತಿಂಗಳಿತ್ತು. ನಮ್ಮ ಬೀದಿ ಅವನಿಗೆ ಹೊಸದು. ಚಿಂದಿಯ ಆಟ ಅವನು ಕಂಡಿರಲಿಲ್ಲ.

ನಾನು ಅಭ್ಯಾಸಬಲದಿಂದ ನಾಲ್ಕೂಕಾಲಿಗೆ ಎದ್ದು ಚಿಲಕ ಸಡಿಲಿಸಿ ಬಂದಿದ್ದೆ. ಯಜಮಾನರು ಒಳಗೆ ಮಲಗಿದ್ದಾರೆ, ಇವತ್ತು ಯಾರನ್ನು ಮಾತಾಡಿಸಲು ಅವಳು ಓಡಬೇಕು ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಯೋಚಿಸಲಿಲ್ಲ. ಮೂಲೆಯಲ್ಲಿ ಪೀ, ಪೀ ಎಂದಿತು. ಕಾಯಿಲೆ ಬಿದ್ದ ಹಿರಿಯರ ಮನೆ ಇದೇ ಎಂದು ಕೇಳಿ ತಿಳಿದುಕೊಂಡು ಉದ್ದಣ್ಣ ಮಾಡಿದ ನಮಸ್ಕಾರ ಅದು. ಚಿಂದಿ ಹಾರಿದಳು. ಆವತ್ತು ಸ್ಟಾಪಿನಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ, ಬಸ್ಸು ನಿಲ್ಲುವ ಅಗತ್ಯವೇ ಇರಲಿಲ್ಲ. ನಿಂತೇ ನಿಲ್ಲುತ್ತದೆಂದು ನಂಬಿದ್ದವಳು ಅವಳೊಬ್ಬಳೇ.

ಬ್ರೇಕು ಕಿರುಚಿತು. ಹೊರಗೆ ಓಡಿದರೆ ಬಸ್ಸು ಅಡ್ಡಡ್ಡ ನಿಂತಿದೆ, ಚಿಂದಿ ಚಕ್ರದ ಪಕ್ಕದಲ್ಲಿ ಬಿದ್ದು ಎದ್ದೇಳಲು ನೋಡುತ್ತಿದ್ದಾಳೆ, ಹಿಂಗಾಲು ಬರುತ್ತಿಲ್ಲ. ಬಸ್ಸಿನೊಳಗಿನಿಂದಲೂ ಕೂಗು. ಮುಂದಿನ ಸ್ಟಾಪಿನಲ್ಲಿ ಇಳಿಯಲು ಎದ್ದು ನಿಂತಿದ್ದ ಟೀಚರಮ್ಮ, ನಮ್ಮ ಬಡಾವಣೆಯ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು, ಮುಗ್ಗರಿಸಿ ಕಂಬಿಗೆ ಹಣೆ ಒಡೆದುಕೊಂಡಿದ್ದರು. ಸೆರಗೆಲ್ಲ ರಕ್ತ. ನಾನು ಅದಾವುದನ್ನೂ ನೋಡಲಿಲ್ಲ. ಕೆಳಗಿಳಿದ ಉದ್ದಣ್ಣನ ಮೇಲೆ ನಾಲಿಗೆ ಹರಿಬಿಟ್ಟೆ. ಕಣ್ಣು ಕಾಣುವುದಿಲ್ಲವೇ, ಯಾರು ನಿನಗೆ ಲೈಸೆನ್ಸ್ ಕೊಟ್ಟರು, ಹೀಗೆ ಬಾಯಿಗೆ ಬಂದದ್ದೆಲ್ಲ. ಅವನು ಅಷ್ಟೆತ್ತರದ ಮನುಷ್ಯ, ಚಿಂದಿಯ ಪಕ್ಕ ಮಂಡಿಯೂರಿ ಕೂತುಬಿಟ್ಟ.

ಇವರು ಹೊದ್ದ ಕಂಬಳಿಯಲ್ಲೇ ಎದ್ದು ಬಂದರು. ಮೊದಲು ಬಸ್ಸು ಹತ್ತಿ ಟೀಚರಮ್ಮನ ಹಣೆಗೆ ಬಟ್ಟೆ ಒತ್ತಿ ಹಿಡಿದು, ಪಕ್ಕದ ಮನೆಯ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಕಂಬಳಿ ಬಿಚ್ಚಿ ಚಿಂದಿಯನ್ನು ಅದರಲ್ಲಿ ಎತ್ತಿಕೊಂಡರು. ನಾನು ಇನ್ನೂ ಬೈಯುತ್ತಲೇ ಇದ್ದೆ. ಆಗ ನನ್ನ ಕಡೆ ತಿರುಗಿದರು.

"ಅವನನ್ನ ಬಿಡು. ಹಾರ್ನ್‌ಗೆ ಓಡಿ ಬಾ ಅಂತ ಕಲಿಸಿದ್ದು ನಾನು. ಚಿಲಕ ತೆಗೆದಿಟ್ಟಿದ್ದು ನೀನು. ಅವನು ಏನ್ ಮಾಡ್ದ?"

ನಾನು ಕಂಬಳಿಯ ಇನ್ನೊಂದು ತುದಿಗೆ ಕೈ ಕೊಟ್ಟೆ, ಚಿಂದಿಯನ್ನು ನಾಯಿ ಡಾಕ್ಟರಮ್ಮನ ಹತ್ತಿರ ಒಯ್ದೆವು.

ಡಾಕ್ಟರಮ್ಮ ಕಾಲಿಗೆ ಸರಳು ಹಾಕಿದಳು. ಜೀವಕ್ಕೆ ಭಯವಿಲ್ಲ, ನಡೆಯುತ್ತಾಳೆ, ಆದರೆ ಕಾಲು ಸೊಟ್ಟಗೇ ಇರುತ್ತದೆ ಎಂದಳು. ನಾನು ಹೇಳಿರಲಿಲ್ಲವೇ ಎಂದು ಮಾತ್ರ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು, ಆಗ ಮನಸ್ಸು ಸ್ವಲ್ಪ ಹಗುರವಾಗುತ್ತಿತ್ತು. ಆಕೆ ಅಷ್ಟಕ್ಕೂ ಅವಕಾಶ ಕೊಡಲಿಲ್ಲ.

ಮೂರು ದಿನ ಬಿಟ್ಟು ಜ್ವರ ಇಳಿಯುತ್ತಲೇ ಇವರು ಡಿಪೋಗೆ ಹೊರಟರು. ಮೈಯಲ್ಲಿ ತ್ರಾಣವಿಲ್ಲದ್ದರಿಂದ ನಾನೂ ಜೊತೆಗೆ ಹೋದೆ. ಪ್ರಯಾಣಿಕರಿಗೆ ಪೆಟ್ಟಾದರೆ ಅಪಘಾತ ಎಂದು ಬರೆಯಲೇಬೇಕು, ಡ್ರೈವರಿನ ಪುಸ್ತಕದಲ್ಲಿ ಗೆರೆ ಬೀಳಲೇಬೇಕು, ಅದು ನಿಯಮ. ಗೆರೆ ಬಿದ್ದರೆ ಉದ್ದಣ್ಣನ ಕೆಲಸ ಖಾಯಂ ಆಗುವುದಿಲ್ಲ. ಮ್ಯಾನೇಜರ್ ಕೋಣೆಯಲ್ಲಿ ಅವನೊಂದು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ. ಇವರು ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟರು. ಮ್ಯಾನೇಜರ್ ಓದಿದ, ಕನ್ನಡಕ ತೆಗೆದ, ಒರೆಸಿಕೊಂಡು ಮತ್ತೆ ಓದಿದ.

"ಆ ದಿನ ನೀವು ರಜೆಯಲ್ಲಿದ್ರಿ. ಗಾಡಿಯಲ್ಲೇ ಇಲ್ಲದವರ ಪುಸ್ತಕದಲ್ಲಿ ಅಪಘಾತ ಹೇಗ್ರೀ ಬರೀಲಿ?"

"ಗಾಡಿ ಯಾರು ಓಡಿಸಿದ್ರೂ ನಾಯಿ ನಂದು ಸಾರ್. ಅದನ್ನ ರಸ್ತೆಗೆ ಬಿಟ್ಟವನು ನಾನು. ಈ ಹುಡುಗ ನನಗೆ ನಮಸ್ಕಾರ ಮಾಡ್ದ, ಅಷ್ಟೇ."

"ಬಿಲ್ಲೆ ಹೋಗತ್ತೆ."

"ಗೊತ್ತು ಸಾರ್. ಬರ್ಕೊಳ್ಳಿ."

ಉದ್ದಣ್ಣ ಬೇಡ ಎಂದು ಬಾಯಿ ತೆಗೆದ. ಇವರು ಅವನನ್ನು ಒಮ್ಮೆ ನೋಡಿದರು, ಕಲಿಸುವಾಗ ಕ್ಲಚ್ ತಪ್ಪಿದರೆ ನೋಡುತ್ತಿದ್ದರಲ್ಲ, ಹಾಗೆ. ಮ್ಯಾನೇಜರ್ ಮೇಲಿನವರಿಗೆ ಫೋನ್ ಮಾಡಿದ, ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ, ಸಾಕಿದವನ ಅಜಾಗ್ರತೆಯೇ ಕಾರಣವೆಂದು ತಾನೇ ಒಪ್ಪಿ ಸಹಿ ಹಾಕಿರುವುದರಿಂದ ಎಂದು ಏನೋ ಬರೆದು, ಇವರ ಪುಸ್ತಕದಲ್ಲಿ ಗೆರೆ ಎಳೆದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೆಂಪು ಶಾಯಿ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನ್ನ ಸಿಟ್ಟಿನ ಕಟ್ಟೆ ಒಡೆಯಿತು. ಇಡೀ ಆಯುಷ್ಯ ಒಂದು ಕಾಗದಕ್ಕೆ ಕೊಟ್ಟು ಬಂದಿರಿ, ದೊಡ್ಡ ಹರಿಶ್ಚಂದ್ರ, ಆ ಕೋಟು ಈಗ ಯಾರಿಗೆ, ಕುಣಿಕೆ ಬಿಚ್ಚಿಹಾಕುತ್ತೇನೆ ಎಂದು ಕತ್ತರಿ ತೆಗೆದುಕೊಂಡೆ. ಇವರು ಕತ್ತರಿ ಕಸಿಯಲಿಲ್ಲ. ಚಿಂದಿಯ ಪಕ್ಕ ನೆಲದ ಮೇಲೆ ಕೂತು, ಕುಣಿಕೆ ಇರಲಿ, ಕೋಟು ಹಾಗೆಯೇ ಹಾಕಿಕೊಳ್ಳುತ್ತೇನೆ ಎಂದರು. ಖಾಲಿ ಕುಣಿಕೆ ಹಾಕಿಕೊಂಡು ಹೋಗುತ್ತೀರಾ ಎಂದೆ. ಹೌದು ಎಂದರು. ಆ ಮನುಷ್ಯನ ಜೊತೆ ಜಗಳವಾಡುವುದೆಂದರೆ ಗೋಡೆಗೆ ಚೆಂಡೆಸೆದ ಹಾಗೆ.

ಮಾರನೆಯ ದಿನ ಟೀಚರಮ್ಮನ ಮನೆಗೆ ಹೋದೆ. ಹಣೆಗೆ ನಾಲ್ಕು ಹೊಲಿಗೆ ಬಿದ್ದಿತ್ತು. ದಾರಿಯಲ್ಲಿ ಏನೇನೋ ಸಮಜಾಯಿಷಿ ಕಟ್ಟಿಕೊಂಡು ಹೋಗಿದ್ದೆ. ಆಕೆ ನನ್ನನ್ನು ಕೂರಿಸಿ ಮೊದಲು ಕೇಳಿದ್ದು, ನಾಯಿ ಹೇಗಿದೆ ಎಂದು. ಬದುಕಿದೆ ಎಂದೆ. ಎರಡನೆಯದಾಗಿ, ಗೇಟು ಸರಿ ಮಾಡಿಸಿದಿರಾ ಎಂದು ಕೇಳಿದರು. ನಾಚಿಕೆಯಿಂದ ನನ್ನ ಮುಖ ಕಾದ ಇಸ್ತ್ರಿಪೆಟ್ಟಿಗೆಯಾಯಿತು. ನಾಲ್ಕು ದಿನದಿಂದ ನಾಯಿಯ ಕಾಲಿನದು, ಕೋಟಿನದು ಎಂದು ಚಿಂತೆ ಮಾಡಿದ್ದೆ, ಚಿಲಕದ ಕಡೆ ತಿರುಗಿಯೂ ನೋಡಿರಲಿಲ್ಲ. ತಪ್ಪಾಯಿತು ಅಮ್ಮ ಎಂದೆ.

ಕೋಟೆ ಲೂಟಿಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ. ಇವರು ಗೇಟಿಗೆ ನನ್ನ ಭುಜದೆತ್ತರಕ್ಕೆ ಜಾಲರಿ ಹೊಡೆಸಿ, ಮೇಲುಗಡೆ ಕೊಂಡಿ ಹಾಕಿಸಿದರು. ತೆಗೆದವರು ಮರೆತರೂ ತಾನಾಗಿ ಮುಚ್ಚಿಕೊಳ್ಳಲಿ ಎಂದು ಸ್ಪ್ರಿಂಗ್ ಕೂರಿಸಿದರು. ನಾನು ಹಳೆಯ ಸೀಟ್ ಬೆಲ್ಟಿನ ಪಟ್ಟಿ ತಂದು ಚಿಂದಿಗೆ ಎದೆಪಟ್ಟಿ ಮತ್ತು ಹಗ್ಗ ಹೊಲಿದೆ. ಜಗ್ಗಿದರೆ ಬಿಚ್ಚಿಕೊಳ್ಳಬಾರದಲ್ಲ, ಪ್ರತಿ ಕೂಡಿಕೆಯಲ್ಲೂ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹೊಲಿದೆ. ಸಂಜೆಗತ್ತಲಲ್ಲಿ ಗಾಡಿಯವರಿಗೆ ಕಾಣಲೆಂದು ಹೊಳೆಯುವ ಪಟ್ಟಿ ಇಟ್ಟೆ. ಆ ಹಗ್ಗಕ್ಕೆ ನಾನೇ ಜೋತುಬಿದ್ದು ನೋಡಿದ್ದೇನೆ, ಒಂದು ಎಳೆ ಕದಲಲಿಲ್ಲ. ಜಂಬವಲ್ಲ, ನಿಜ.

ಹಾರ್ನ್ ಮಾತ್ರ ಉಳಿದಿತ್ತು. ಇವರು ಮತ್ತೆ ಕೆಲಸಕ್ಕೆ ಹೋದ ದಿನದಿಂದ ಬೇಕರಿ ಮೂಲೆಯಲ್ಲಿ ಹಾರ್ನ್ ನಿಲ್ಲಿಸಿದರು. ಚಿಂದಿ ಮೂರು ಕಾಲಿನಲ್ಲಿ ಕುಂಟುತ್ತ ನಾಲ್ಕೂವರೆಗೆ ಜಾಲರಿಗೆ ಮೂತಿ ಒತ್ತಿ ನಿಲ್ಲುತ್ತಿದ್ದಳು. ಬಸ್ಸು ಸದ್ದಿಲ್ಲದೆ ಬಂದು ನಿಂತು ಹೋಗುತ್ತಿತ್ತು. ಇವರ ಕೈ ಹಾರ್ನಿನ ತನಕ ಹೋಗಿ ವಾಪಸು ಬರುವುದು ನನಗೆ ಕಿಟಕಿಯಿಂದ ಕಾಣುತ್ತಿತ್ತು. ಮನೆಯ ಕಡೆ ತಿರುಗಿ ನೋಡುತ್ತಿರಲಿಲ್ಲ. ಆಗ ಮಾತ್ರ ನನಗೆ ಅಳು ಬಂದದ್ದುಂಟು.

ಇಷ್ಟು ಸಾಲದು ಎಂದಳು ಡಾಕ್ಟರಮ್ಮ. ನಿಮ್ಮವರು ಹೊಡೆಯದಿದ್ದರೆ ಇನ್ನೊಬ್ಬರು ಹೊಡೆದಾರು. ಕಲಿತದ್ದನ್ನು ನಾಯಿಗೆ ಮರೆಸಲಾಗದು, ಅದೇ ಸದ್ದಿಗೆ ಬೇರೆ ಕೆಲಸ ಕೊಡಿ. ಈ ಸಲ ನಾನು ಗೊಣಗಲಿಲ್ಲ. ಕೋಟಿನ ಬಟ್ಟೆಯಲ್ಲಿ ಉಳಿದ ತುಂಡಿಗೆ ಚೂರುಗಳನ್ನು ತುಂಬಿ ಒಂದು ಚಾಪೆ ಹೊಲಿದು ಹೊಸ್ತಿಲಿನ ಪಕ್ಕ ಹಾಕಿದೆ. ಹಾರ್ನ್ ಕೇಳಿದರೆ ಅವಳು ರಸ್ತೆಗಲ್ಲ, ಈ ಚಾಪೆಗೆ ಬರಬೇಕು.

ಮೊದಲು ರಬ್ಬರ್ ಬುರುಡೆಯ ಪೋಂಕ್ ಹಾರ್ನ್ ತಂದೆವು. ಅದಕ್ಕೆ ಚಿಂದಿ ಕಿವಿಯನ್ನೂ ಎತ್ತಲಿಲ್ಲ. ಆಗ ಉದ್ದಣ್ಣ ಡಿಪೋದಲ್ಲಿ ಕಿತ್ತುಹಾಕಿದ್ದ ಹಳೆಯ ಬಸ್ಸಿನ ನಿಜವಾದ ಹಾರ್ನನ್ನು ಹೇಳಿ ಕೇಳಿ ತಂದು, ಬ್ಯಾಟರಿ ಸಮೇತ ನಮ್ಮ ಅಡುಗೆಮನೆಯಲ್ಲಿ ಜೋಡಿಸಿದ. ನಾನು ಬೈದದ್ದನ್ನು ಅವನು ಎತ್ತಿ ಆಡಲಿಲ್ಲ. ನಾನೇ ಒಂದು ದಿನ ತಪ್ಪಾಯಿತಪ್ಪಾ ಎಂದೆ. ಬಿಡಿ ಅಕ್ಕ, ನನ್ನಮ್ಮ ಇನ್ನೂ ಚೆನ್ನಾಗಿ ಬೈತಾರೆ ಎಂದ. ಇವರು ಅಡುಗೆಮನೆಯಿಂದ ಪೀ, ಪೀ ಎನ್ನಿಸುವುದು, ನಾನು ಹಗ್ಗ ಹಿಡಿದು ಚಿಂದಿಯನ್ನು ಚಾಪೆಗೆ ಕರೆದು ಕೂರಿಸಿ ಬೇಯಿಸಿದ ಮೊಟ್ಟೆಯ ಚೂರು ಕೊಡುವುದು. ದಿನಕ್ಕೆ ಮೂವತ್ತು ಸಲ. ಪಾತ್ರೆಗಳು ಅದುರುತ್ತಿದ್ದವು, ಪಕ್ಕದ ಮನೆಯವರು ಮನೆ ಬಿಟ್ಟು ಹೋಗುವ ಮಾತಾಡಿದರು. ಮನೆಯಲ್ಲಿ ನೆಮ್ಮದಿಯಾಗಿದ್ದವರು ಕಿವಿ ಮಂದವಾಗಿದ್ದ ನಮ್ಮತ್ತೆ ಒಬ್ಬರೇ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದರೆ ನೆಟ್ಟಗಾಗುತ್ತದೆಯೇ ಎಂದು ಅವರು ನಗುತ್ತಿದ್ದರು. ಬಾಲ ಡೊಂಕಾಗಿಯೇ ಇರಲಿ, ಜೀವ ಇದ್ದರೆ ಸಾಕು ಎಂದು ನಾನು ಅವರ ಕಿವಿಯಲ್ಲಿ ಕೂಗಿ ಹೇಳುತ್ತಿದ್ದೆ.

ಎರಡು ತಿಂಗಳು ಅವಳು ಹಾರ್ನ್ ಕೇಳಿದೊಡನೆ ಗೇಟಿಗೇ ಹಾರಿದಳು. ಹಗ್ಗ ತಡೆಯಿತು. ಮೂರನೆಯ ತಿಂಗಳು ಅರ್ಧ ದಾರಿಯಲ್ಲಿ ನಿಂತು ನನ್ನ ಮುಖ ನೋಡತೊಡಗಿದಳು. ಐದನೆಯ ತಿಂಗಳಿಗೆ ಚಾಪೆಗೆ ಬಂದಳು. ಆದರೂ ಇವರು ಗೇಟಿನ ಕೊಂಡಿಯಾಗಲಿ ಹಗ್ಗವಾಗಲಿ ಸಡಿಲಿಸಲು ಬಿಡಲಿಲ್ಲ. ನಾಯಿ ಕಲಿತಿದೆ ಎಂದು ನಾವು ಮೈಮರೆಯುವ ಹಾಗಿಲ್ಲ, ಒಮ್ಮೆ ಮೈಮರೆತದ್ದು ಸಾಕು ಎಂದರು.

ನಿವೃತ್ತಿಯ ದಿನ ಬಂತು. ಡಿಪೋದವರ ಪದ್ಧತಿಯಂತೆ ಕೊನೆಯ ಟ್ರಿಪ್ಪಿನಲ್ಲಿ ಡ್ರೈವರ್ ತನ್ನ ಮನೆಯ ಸ್ಟಾಪಿನಲ್ಲೇ ಇಳಿದುಬಿಡುತ್ತಾನೆ. ಅಲ್ಲಿಂದ ಡಿಪೋಗೆ ಗಾಡಿಯನ್ನು ಜೊತೆಯವನು ಒಯ್ಯುತ್ತಾನೆ. ಜೊತೆಗೆ ಉದ್ದಣ್ಣನೇ ಬರುವುದೆಂದಾಗಿತ್ತು, ಅವನ ಕೆಲಸ ಖಾಯಂ ಆಗಿ ಆರು ತಿಂಗಳಾಗಿತ್ತು. ನಮ್ಮ ಬೀದಿಯಲ್ಲಿ ಯಾರೂ ಹಾರ್ನ್ ಹೊಡೆಯಬಾರದೆಂದು ಡಿಪೋದಲ್ಲಿ ಎಲ್ಲರಿಗೂ ಹೇಳಿದ್ದೇನೆ ಎಂದಿದ್ದ. ಇವರು ಬೆಳಗ್ಗೆ ನೀಲಿ ಕೋಟು ತೊಟ್ಟು ಹೊರಟರು. ಎಡಗಡೆ ಖಾಲಿ ಕುಣಿಕೆ. ನಾನು ಭುಜದ ಮೇಲಿನ ದಾರ ತೆಗೆಯುವ ನೆಪದಲ್ಲಿ ಒಮ್ಮೆ ಅದನ್ನು ಮುಟ್ಟಿದೆ, ಅಷ್ಟೇ.

ಸಂಜೆ ಮನೆ ತುಂಬ ಜನ. ಟೀಚರಮ್ಮನೂ ಬಂದಿದ್ದರು. ನಾನು ಚಿಂದಿಯ ಹಗ್ಗವನ್ನು ಮೆಷಿನಿನ ಕಾಲಿಗೆ ಕಟ್ಟಿ, ಲೋಟಗಳನ್ನು ಜೋಡಿಸಲು ಒಳಗೆ ಹೋದೆ. ಅದು ಕುಂಯಿಗುಟ್ಟುವುದನ್ನು ನೋಡಿ ಅತ್ತೆಗೆ ಕರುಳು ಚುರ್ರೆಂದಿತು. ಮಗನ ದಿನ, ಇದಕ್ಕೊಂದು ಶಿಕ್ಷೆ ಯಾಕೆ ಎಂದು ಹಗ್ಗ ಬಿಚ್ಚಿದರು. ಅದೇ ಹೊತ್ತಿಗೆ ಪಕ್ಕದ ಮನೆಯವರು ಕುರ್ಚಿಗಳನ್ನು ಹೊತ್ತು ತರುತ್ತಿದ್ದರು. ಸ್ಪ್ರಿಂಗಿನ ಗೇಟು ಪದೇಪದೇ ಬಡಿಯುತ್ತದೆಂದು ಒಂದು ಕುರ್ಚಿಯನ್ನೇ ಅದಕ್ಕೆ ಅಡ್ಡ ಕೊಟ್ಟು ಪೂರ್ತಿ ತೆರೆದಿಟ್ಟರು. ನಾನು ತಟ್ಟೆ ಹಿಡಿದು ಹೊರಗೆ ಬಂದೆ. ಬೇಕರಿ ಮೂಲೆಯಲ್ಲಿ ಬಸ್ಸು ತಿರುಗುತ್ತಿತ್ತು. ಎದುರು ದಿಕ್ಕಿನಿಂದ ನಮ್ಮ ಡಿಪೋದ್ದೇ ಇನ್ನೊಂದು ಬಸ್ಸು. ಅದರ ಡ್ರೈವರ್ ರಜೆ ಮುಗಿಸಿ ಆವತ್ತೇ ಬಂದವನು, ಅವನಿಗೆ ಯಾರೂ ಹೇಳಿರಲಿಲ್ಲ. ಹಿರಿಯರ ಕೊನೆಯ ಟ್ರಿಪ್ಪಿಗೆ ಮನಸಾರೆ ನಮಸ್ಕಾರ ಮಾಡಿದ.

ಪೀ, ಪೀ.

ಚಿಂದಿ ಅಂಗಳದ ನಡುವೆ ಇದ್ದಳು. ಹಗ್ಗವಿಲ್ಲ. ಎದುರಿಗೆ ಹಾ ಎಂದು ತೆರೆದ ಗೇಟು, ಗೇಟಿನಾಚೆ ಎರಡೂ ಕಡೆಯಿಂದ ಬರುತ್ತಿದ್ದ ಎರಡು ಬಸ್ಸು. ಅವಳ ಕಿವಿ ನಿಮಿರಿದವು. ಗೇಟಿಗೆ ಅವಳು ನನಗಿಂತ ಹತ್ತಿರವಿದ್ದಳು. ಬಸ್ಸಿನ ಗಾಜಿನಾಚೆ ಇವರ ಮುಖ ಕಂಡಿತು. ತೆರೆದ ಗೇಟನ್ನು ಅವರೂ ನೋಡಿದ್ದರು. ಬಸ್ಸು ಆಗಲೇ ನಡಿಗೆಗಿಂತ ನಿಧಾನಕ್ಕೆ ಇಳಿದಿತ್ತು.

ಚಿಂದಿ ಎರಡು ಹೆಜ್ಜೆ ಗೇಟಿನ ಕಡೆ ಇಟ್ಟಳು. ನಿಂತಳು. ಮೈಯೆಲ್ಲ ನಡುಗುತ್ತಿತ್ತು. ಆಮೇಲೆ ತಿರುಗಿ, ಸೊಟ್ಟ ಕಾಲನ್ನು ಎಳೆದುಕೊಂಡು, ಅಷ್ಟು ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೊಸ್ತಿಲಿನ ಪಕ್ಕದ ನೀಲಿ ಚಾಪೆಗೆ ಬಂದು ಕೂತಳು. ಕೂತು ನನ್ನ ಮುಖ ನೋಡಿದಳು, ಮೊಟ್ಟೆ ಎಲ್ಲಿ ಎಂದು.

ನಾನು ತಟ್ಟೆಯನ್ನು ಯಾರ ಕೈಗೋ ತುರುಕಿ ಓಡಿಹೋಗಿ ಕುರ್ಚಿ ಎಳೆದೆಸೆದೆ. ಗೇಟು ಹಾಕಿ ಕೊಂಡಿ ಸಿಕ್ಕಿಸಿದೆ. ಕುರ್ಚಿ ಇಟ್ಟವರಿಗೆ ನಾಲ್ಕು ಮಾತು ಅಂದದ್ದೂ ಹೌದು. ಅವಳು ಕಲಿತದ್ದು ಅವಳ ದೊಡ್ಡತನ. ಹಗ್ಗ, ಗೇಟು, ಎರಡೂ ಕೈಕೊಟ್ಟದ್ದು ನಮ್ಮ ತಪ್ಪು, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಆದರೆ ಆ ಗಳಿಗೆಯಲ್ಲಿ ಹೆಮ್ಮೆಗೆ ನನ್ನ ಎದೆ ಒಡೆದುಹೋಗುವಂತಿತ್ತು. ಇಂಥ ಗಂಡ ನನ್ನವನು, ಇಂಥ ನಾಯಿ ನಮ್ಮದು ಎಂದು ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು.

ಬಸ್ಸು ಸ್ಟಾಪಿನಲ್ಲಿ ನಿಂತಿತು. ಇವರು ಇಂಜಿನ್ ಆರಿಸಿ, ಕೀಲಿಯನ್ನು ಉದ್ದಣ್ಣನ ಕೈಗಿಟ್ಟು ಇಳಿದರು. ರಸ್ತೆಯ ಅಂಚಿನಲ್ಲಿ ನಿಂತು ಬಲಕ್ಕೆ ನೋಡಿ, ಎಡಕ್ಕೆ ನೋಡಿ, ದಾಟಿ ಬಂದರು. ಕೊಂಡಿ ತೆಗೆದು ಒಳಗೆ ಬಂದು, ಮತ್ತೆ ಕೊಂಡಿ ಹಾಕಿ, ಸರಿಯಾಗಿ ಕೂತಿದೆಯೇ ಎಂದು ಎಳೆದು ನೋಡಿದರು. ಜನ ಚಪ್ಪಾಳೆ ತಟ್ಟಿದ್ದು ಅವರಿಗೆ ಕೇಳಿಸಿತೋ ಇಲ್ಲವೋ. ಹೊಸ ಕೋಟಿನಲ್ಲೇ ನೆಲದ ಮೇಲೆ ಮಂಡಿಯೂರಿ ಚಿಂದಿಯ ತಲೆಯನ್ನು ಎದೆಗೆ ಒತ್ತಿಕೊಂಡರು, ಸರಿಯಾಗಿ ಆ ಖಾಲಿ ಕುಣಿಕೆಯ ಮೇಲೆ. ಎಷ್ಟೋ ಹೊತ್ತು ಕಿವಿಯ ಹಿಂದೆ ಕೆರೆದರು.

ಮೂವತ್ತು ವರ್ಷದಲ್ಲಿ ಒಂದು ದಿನವೂ ಜಂಬದ ಮಾತಾಡದ ಮನುಷ್ಯ ಆಮೇಲೆ ತಲೆ ಎತ್ತಿದರು. ರಸ್ತೆಯಾಚೆ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಉದ್ದಣ್ಣನಿಗೆ, ಬಸ್ಸಿನ ಕಿಟಕಿಗಳಲ್ಲಿ ಬಾಗಿದ್ದವರಿಗೆ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

"ನೋಡಿದ್ಯೇನೋ? ಬರ್ಲಿಲ್ಲ!"